ಎಐಗೆ ಎಲ್ಲವೂ ಗೊತ್ತೇ? ಅದು ನಂಬುವುದು ಯಾರೋ ಬರೆದಿಟ್ಟ ನಾಲ್ಕು ಸಾಲನ್ನು

"ಇನ್ನು ಕಚೇರಿಗೆ ಅಲೆಯಬೇಡಿ. ಎಐಗೆ ಕೇಳಿ, ಪಹಣಿಯಿಂದ ಬೆಳೆ ವಿಮೆವರೆಗೆ ಎಲ್ಲ ನೋಡಿ ಹೇಳುತ್ತದೆ." ಇಂಥ ಅರ್ಥದ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ತಿಳಿಯದೆ ನಂಬಿದರೆ ರೈತರಿಗೆ ನಷ್ಟವಾಗಬಹುದು.

ಏಜೆಂಟ್ ಎಂದರೇನು?

ಎಐ ತಾನು ಕಲಿತ ಪಠ್ಯದ ಆಧಾರದ ಮೇಲೆ ಮಾತಾಡುತ್ತದೆ. ಇವತ್ತು ಅಫಜಲಪುರದಲ್ಲಿ ಮಳೆ ಬಂತೇ, ನಿಮ್ಮ ವಿಮೆ ಅರ್ಜಿ ಎಲ್ಲಿದೆ ಎಂಬುದು ಅದಕ್ಕೆ ತಾನಾಗಿ ಗೊತ್ತಿರುವುದಿಲ್ಲ. ಅದಕ್ಕಾಗಿ ಹವಾಮಾನ ತೋರಿಸುವ, ದಾಖಲೆ ಹುಡುಕುವ ಬೇರೆ ತಂತ್ರಾಂಶಗಳನ್ನು ಅದಕ್ಕೆ ಜೋಡಿಸುತ್ತಾರೆ. ಇವಕ್ಕೆ 'ಟೂಲ್' ಎನ್ನುತ್ತಾರೆ. ಟೂಲ್‌ಗಳನ್ನು ತಾನೇ ಆಯ್ದುಕೊಂಡು ಕೆಲಸ ಮಾಡುವ ಎಐಯೇ 'ಏಜೆಂಟ್'.

ಸಾಮಾನ್ಯವಾಗಿ ಟೂಲ್‌ನ ಒಳಗೇನಿದೆ ಎಂಬುದು ಏಜೆಂಟ್‌ಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ನಾಲ್ಕು ಸಾಲಿನ ವಿವರಣೆ ಮತ್ತು ಯಾವ ಮಾಹಿತಿ ಕೊಡಬೇಕೆಂಬ ಪಟ್ಟಿ ಮಾತ್ರ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಹೊರತಂದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಮುಕ್ತ ಪದ್ಧತಿಯಲ್ಲೂ ವ್ಯವಸ್ಥೆ ಇದೇ.

ಮನೆಯ ಮೂಲೆಯಲ್ಲಿ ಎರಡು ಬಾಟಲಿ ಇವೆ ಎಂದುಕೊಳ್ಳಿ. ಒಂದು ತೊಗರಿಯ ಹುಳುವಿಗೆ ಹೊಡೆಯುವ ಔಷಧ, ಇನ್ನೊಂದು ಕಳೆನಾಶಕ. ಎರಡರ ಮೇಲೂ "ಹೊಲದ ಔಷಧ" ಎಂದಷ್ಟೇ ಬರೆದಿದ್ದರೆ? ಎಷ್ಟೇ ಜಾಣ ಆಳಾದರೂ ತಪ್ಪು ಬಾಟಲಿ ಎತ್ತಿಕೊಳ್ಳಬಹುದು.

ಯಾವ ಆಳಂದ?

ಹವಾಮಾನದ ಟೂಲ್‌ಗೆ "ಊರಿನ ಹೆಸರು ಕೊಟ್ಟರೆ ಹವಾಮಾನ ತಿಳಿಸುತ್ತದೆ" ಎಂಬ ವಿವರಣೆ ಇದೆ ಎನ್ನಿ. ಇಂಗ್ಲಿಷ್ ಅಕ್ಷರಗಳಲ್ಲಿ ಆಳಂದ ಎಂದು ಬರೆದರೆ, ಫಿನ್‌ಲ್ಯಾಂಡಿಗೆ ಸೇರಿದ ಓಲಂಡ್ ದ್ವೀಪಗಳ ಹೆಸರೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಜೇವರ್ಗಿಯನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುತ್ತಾರೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು, ಆದರೂ ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. "ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಕೊಡಿ. ಹೆಸರು ಸಿಗದಿದ್ದರೆ ಊಹಿಸಬೇಡಿ, ಬಳಕೆದಾರರನ್ನು ಕೇಳಿ" ಎಂದು ಬರೆದಿದ್ದರೆ ತೊಂದರೆ ತಪ್ಪುತ್ತದೆ.

4.20 ಎಂದರೆ ಎಷ್ಟು?

ಪಹಣಿ ನೋಡಿ ಅಭ್ಯಾಸವಿದ್ದವರಿಗೆ 4.20 ಎಂದರೆ 4 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ನಾಲ್ಕೂವರೆ ಎಕರೆ. ಕಂಪ್ಯೂಟರ್ ಅದನ್ನು ದಶಮಾಂಶ ಎಂದು ಓದಿದರೆ 4.2 ಎಕರೆ, ಅಂದರೆ 4 ಎಕರೆ 8 ಗುಂಟೆ. ಲೆಕ್ಕದಲ್ಲಿ 12 ಗುಂಟೆ ಮಾಯ! ಟೂಲ್ ಹೆಕ್ಟೇರ್ ಕೇಳುತ್ತಿದ್ದರೆ ಗೊಂದಲ ಇನ್ನೂ ದೊಡ್ಡದು, ಏಕೆಂದರೆ ಒಂದು ಹೆಕ್ಟೇರ್ ಸುಮಾರು 2.47 ಎಕರೆ. ವಿವರಣೆಯಲ್ಲಿ "ವಿಸ್ತೀರ್ಣ" ಎಂದಷ್ಟೇ ಬರೆದರೆ ಸಾಲದು, ಅಳತೆ ಯಾವುದು ಎಂದೂ ಬರೆಯಬೇಕು.

ನೋಡುವುದು ಬೇರೆ, ಸಲ್ಲಿಸುವುದು ಬೇರೆ

ಇದು ಎಲ್ಲಕ್ಕಿಂತ ಮುಖ್ಯ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ ಬಿದ್ದು ಬೆಳೆ ಹಾಳಾದಂಥ ಸಂದರ್ಭದಲ್ಲಿ 72 ಗಂಟೆಯೊಳಗೆ ದೂರು ಕೊಡಬೇಕು. ಒಂದು ಟೂಲ್ ವಿಮೆ ನೋಂದಣಿಯನ್ನು ತೋರಿಸುತ್ತದೆ, ಇನ್ನೊಂದು ನಷ್ಟದ ದೂರು ದಾಖಲಿಸುತ್ತದೆ ಎಂದುಕೊಳ್ಳಿ. ಎರಡಕ್ಕೂ "ಬೆಳೆ ವಿಮೆ ಸೇವೆ" ಎಂಬ ವಿವರಣೆ. ರೈತ "ಬೆಳೆ ಹಾಳಾಗಿದೆ, ವಿಮೆಗೆ ಹೇಳಿಬಿಡು" ಎನ್ನುತ್ತಾನೆ. ಏಜೆಂಟ್ ಮೊದಲನೇ ಟೂಲ್ ತೆರೆದು "ನಿಮ್ಮ ಅರ್ಜಿ ಸ್ವೀಕೃತವಾಗಿದೆ" ಎನ್ನುತ್ತದೆ. ಅದು ಜುಲೈನಲ್ಲಿ ಕಂತು ಕಟ್ಟಿದ ಅರ್ಜಿ. ದೂರು ದಾಖಲಾಯಿತೆಂದು ರೈತ ನಿಶ್ಚಿಂತೆಯಿಂದ ಕೂರುತ್ತಾನೆ. 72 ಗಂಟೆ ಮುಗಿದೇ ಹೋಗುತ್ತದೆ.

ಸರಿಯಾದ ವಿವರಣೆ ಹೀಗಿರಬೇಕು: "ಈ ಟೂಲ್ ನೋಂದಣಿಯನ್ನು ತೋರಿಸುತ್ತದೆ, ಅಷ್ಟೇ. ಬೆಳೆ ನಷ್ಟದ ದೂರು ಇದರಿಂದ ದಾಖಲಾಗುವುದಿಲ್ಲ; ಅದಕ್ಕೆ ದೂರಿನ ಟೂಲ್ ಬಳಸಿ." ಏನು ಮಾಡುತ್ತದೆ ಎಂಬುದರಷ್ಟೇ, ಏನು ಮಾಡುವುದಿಲ್ಲ ಎಂಬುದೂ ಮುಖ್ಯ. ದೂರು ದಾಖಲಿಸುವ ಟೂಲ್‌ನಲ್ಲಿ "ಸಲ್ಲಿಸುವ ಮೊದಲು ರೈತರ ಒಪ್ಪಿಗೆ ಪಡೆಯಿರಿ, ನಂತರ ದೂರಿನ ಸಂಖ್ಯೆ ತಿಳಿಸಿ" ಎಂಬ ಸಾಲೂ ಇರಬೇಕು.

ನೀವೇನು ಮಾಡಬಹುದು?

ಇಂಥ ಸೇವೆಗಳು ದೂರದ ಮಾತಲ್ಲ. ಪಿಎಂ-ಕಿಸಾನ್ ಪ್ರಶ್ನೆಗಳಿಗೆ ಉತ್ತರಿಸಲು ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲೇ 'ಕಿಸಾನ್ ಇ-ಮಿತ್ರ' ಎಂಬ ಎಐ ಚಾಟ್‌ಬಾಟ್ ಆರಂಭಿಸಿತು. ಎಐ ಬಳಸುವಾಗ ಮೂರು ಅಭ್ಯಾಸ ಇಟ್ಟುಕೊಳ್ಳಿ.

- ಊರಿನ ಜೊತೆ ತಾಲ್ಲೂಕು, ಜಿಲ್ಲೆ, ರಾಜ್ಯದ ಹೆಸರನ್ನೂ ಹೇಳಿ.
- ಜಮೀನನ್ನು "4 ಎಕರೆ 20 ಗುಂಟೆ" ಎಂದು ಬಿಡಿಸಿ ಹೇಳಿ.
- "ಆಯಿತು" ಎಂದರೆ ನಂಬಬೇಡಿ. "ಏನು ದಾಖಲಾಯಿತು, ಅದರ ಸಂಖ್ಯೆ ಎಷ್ಟು?" ಎಂದು ಕೇಳಿ. ಸಂಖ್ಯೆ ಸಿಗದಿದ್ದರೆ ತಕ್ಷಣ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಕರೆ ಮಾಡಿ, ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ಎಐ ಕಚೇರಿ ಅಲೆದಾಟವನ್ನು ಕಡಿಮೆ ಮಾಡಬಲ್ಲದು, ನಿಜ. ಆದರೆ ಅದರ ಹಿಂದೆ ಯಾರೋ ಕೂತು ಬರೆದ ನಾಲ್ಕು ಸಾಲು ಸ್ಪಷ್ಟವಾಗಿದ್ದರೆ ಮಾತ್ರ. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಜೊತೆಗೆ ಈ ಮಾತನ್ನೂ ಕಳುಹಿಸಿ.