ಗಾಳಿ, ಬೆಳಕು ಮತ್ತು ಶಾಲಾ ಕೊಠಡಿ

ಬಾಡಿಗೆಗೆ ಮನೆ ನೋಡಲು ಹೋದವರು ನಮ್ಮಲ್ಲಿ ಮೊದಲು ಕೇಳುವ ಮಾತು, "ಗಾಳಿ ಬೆಳಕು ಚೆನ್ನಾಗಿದೆಯೇ?" ಎಂಬುದು. ನಮ್ಮ ಹಿರಿಯರು ಈ ಎರಡನ್ನೂ ಜೋಡಿಪದವಾಗಿಯೇ ಬಳಸುತ್ತ ಬಂದರು. ಬೆಳಕಿನಿಂದ ಗಾಳಿಯನ್ನು ತೊಳೆಯಬಹುದೆಂಬ ಸಂಗತಿ ವಿಜ್ಞಾನಕ್ಕೆ ತಿಳಿದು ಎಂಬತ್ತು ವರ್ಷಗಳ ಮೇಲಾಯಿತು. ಆದರೂ ಅದು ನಮ್ಮ ಶಾಲೆ, ಆಸ್ಪತ್ರೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಶಾಲೆಯೊಂದರ ಆಡಳಿತ ಮಂಡಳಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, "ಮೇಷ್ಟ್ರೇ, ತರಗತಿಗಳಿಗೆ ನೇರಳಾತೀತ ದೀಪ ಹಾಕಿಸಬಹುದೇ? ಮಕ್ಕಳಿಗೆ ತೊಂದರೆಯಾಗದೇ?" ಎಂದು ಕೇಳಿದ್ದಾರೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ.

ನಿಮ್ಮ ಅಡುಗೆಮನೆಯ ನೀರು ಶುದ್ಧೀಕರಣ ಯಂತ್ರವನ್ನೇ ನೋಡಿ. ಅನೇಕ ಯಂತ್ರಗಳೊಳಗೆ ಪಾದರಸದ ಪುಟ್ಟ ದೀಪವೊಂದು ಇರುತ್ತದೆ. ಅದು ಸೂಸುವ ನೇರಳಾತೀತ ಕಿರಣದ ತರಂಗಾಂತರ 254 ನ್ಯಾನೊಮೀಟರ್. ಈ ಕಿರಣವು ರೋಗಾಣುವಿನ ಆನುವಂಶಿಕ ದ್ರವ್ಯವನ್ನು ಕೆಡಿಸುತ್ತದೆ. ತನ್ನ ಸಂತತಿಯನ್ನು ಬೆಳೆಸಲಾರದ ವೈರಾಣು ಇದ್ದೂ ಇಲ್ಲದಂತೆ. ದೀಪವು ಕೊಳವೆಯೊಳಗೆ ಮುಚ್ಚಿಕೊಂಡಿರುವುದರಿಂದ ನಮಗೆ ಅಪಾಯವಿಲ್ಲ. ಅದೇ ಕಿರಣ ನೇರವಾಗಿ ಬಿದ್ದರೆ ಚರ್ಮ ಕೆಂಪೇರುತ್ತದೆ. ಕೆಲವು ಗಂಟೆಗಳಲ್ಲಿ ಕಣ್ಣಿಗೆ ಮರಳು ಎರಚಿದಂತೆ ಉರಿಯಾಗುತ್ತದೆ. ಕುಡಿಯುವ ನೀರಿಗೆ ಇಷ್ಟು ಏರ್ಪಾಡು ಮಾಡಿಕೊಂಡ ನಾವು, ಉಸಿರಾಡುವ ಗಾಳಿಗಾಗಿ ಮಾಡಿದ್ದೇನು?

ಒಂದು ಬೆಂಚಿಗೆ ಐವರಂತೆ ಕುಳಿತು, ಮಳೆಯ ಎರಚಲಿಗೆ ಕಿಟಕಿಗಳನ್ನು ಮುಚ್ಚಿ ಪಾಠ ಕೇಳಿದ ದಿನಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಬ್ಬ ಹುಡುಗನಿಗೆ ದಡಾರ ಬಂದರೆ ಎರಡು ವಾರಗಳಲ್ಲಿ ನನ್ನ ಹಾಜರಿ ಪುಸ್ತಕದ ತುಂಬ ಗೈರುಹಾಜರಿಯ ಗುರುತುಗಳೇ ಕಾಣುತ್ತಿದ್ದವು. ಕೂಲಿಗೆ ಹೋಗುವ ತಾಯಿ ಮಗುವಿನ ಬಳಿ ಕುಳಿತರೆ ಆ ಮನೆಯ ಒಲೆಗೂ ರಜೆ. ತರಗತಿಯ ಗಾಳಿ ಎಂಬುದು ಸಣ್ಣ ವಿಷಯವಲ್ಲ.

ಇದನ್ನು ಮೊದಲು ಗಂಭೀರವಾಗಿ ಹಿಡಿದವರಲ್ಲಿ ಅಮೆರಿಕದ ವಿಲಿಯಂ ವೆಲ್ಸ್ ಮತ್ತು ಅವರ ಪತ್ನಿ ಮಿಲ್ಡ್ರೆಡ್ ವೆಲ್ಸ್ ಪ್ರಮುಖರು. ಬಿಸಿಲು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿಯೇ ತೋರಿಸಿದ್ದರು. ಬೆಳಕಿನಿಂದ ಚರ್ಮದ ಕ್ಷಯವನ್ನು ಗುಣಪಡಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ವೆಲ್ಸ್ ದಂಪತಿಗಳು ಈ ವಿದ್ಯೆಯನ್ನು ಫಿಲಡೆಲ್ಫಿಯಾದ ಸುತ್ತಮುತ್ತಲ ಶಾಲೆಗಳಿಗೆ ತಂದರು. ದೀಪಗಳನ್ನು ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ಕಟ್ಟಿ, ಕಿರಣ ಕೆಳಗೆ ಬೀಳದಂತೆ ಮರೆಯಿಟ್ಟರು. ಮಕ್ಕಳ ಉಸಿರಿನ ಬೆಚ್ಚನೆಯ ಗಾಳಿ ಮೇಲೇರಿ, ಅಲ್ಲಿ ಕಿರಣಗಳಲ್ಲಿ ಮಿಂದು, ಮತ್ತೆ ಕೆಳಗಿಳಿಯುತ್ತಿತ್ತು. 1941ರಲ್ಲಿ ದಡಾರ ಹಬ್ಬಿದಾಗ ದೀಪವಿದ್ದ ತರಗತಿಗಳಲ್ಲಿ ಅದರ ಹಾವಳಿ ಬಹಳ ಕಡಿಮೆಯಾಗಿತ್ತು. ಮುಂದೆ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿಯವರ ತಂಡವು ಕ್ಷಯರೋಗಿಗಳ ಕೊಠಡಿಯ ಗಾಳಿಯನ್ನು ಗಿನಿಪಿಗ್‌ಗಳ ಗೂಡುಗಳಿಗೆ ಹಾಯಿಸಿತು. ಆ ಗಾಳಿಯನ್ನೇ ಉಸಿರಾಡಿದ ಪ್ರಾಣಿಗಳಿಗೆ ರೋಗ ತಗುಲಿತು. ಕಿರಣಗಳ ಮೂಲಕ ಬಂದ ಗಾಳಿಯನ್ನು ಉಸಿರಾಡಿದವುಗಳಿಗೆ ತಗುಲಲಿಲ್ಲ.

ಇಷ್ಟು ಸೊಗಸಾದ ಫಲ ಮರೆವಿಗೆ ಸಂದದ್ದೇಕೆ? ಕ್ಷಯಕ್ಕೆ ಔಷಧಿಗಳೂ ದಡಾರಕ್ಕೆ ಲಸಿಕೆಯೂ ಬಂದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಪಾಠ ಹೇಳುತ್ತದೆ. ನ್ಯೂಯಾರ್ಕ್ ರಾಜ್ಯದ ಗ್ರಾಮೀಣ ಶಾಲೆಗಳಲ್ಲಿ 1940ರ ದಶಕದಲ್ಲಿ ಇದೇ ಪ್ರಯೋಗ ನಡೆದಾಗ ಅಂಥ ಫಲ ಕಾಣಲಿಲ್ಲ. ಅಲ್ಲಿನ ಮಕ್ಕಳು ದೂರದೂರದ ಹಳ್ಳಿಗಳಿಂದ ಒಂದೇ ಬಸ್ಸಿನಲ್ಲಿ ಒತ್ತೊತ್ತಾಗಿ ಕುಳಿತು ಬರುತ್ತಿದ್ದರು. ತರಗತಿಯಲ್ಲಿ ದೀಪವಿತ್ತು, ಬಸ್ಸಿನಲ್ಲಿ ಇರಲಿಲ್ಲ. ಒಂದು ಕೋಣೆಯನ್ನು ಶುದ್ಧಗೊಳಿಸಿದ ಮಾತ್ರಕ್ಕೆ ಊರು ಶುದ್ಧವಾಗದು.

ಈಗ ಎಲ್ಲರ ಬಾಯಲ್ಲಿರುವುದು 222 ನ್ಯಾನೊಮೀಟರಿನ ಕಿರಣ. ಕ್ರಿಪ್ಟಾನ್ ಮತ್ತು ಕ್ಲೋರಿನ್ ಅನಿಲಗಳ ದೀಪದಿಂದ ಇದು ಬರುತ್ತದೆ. ಪ್ರೋಟೀನುಗಳು ಇದನ್ನು ಬಲವಾಗಿ ಹೀರಿಕೊಳ್ಳುವುದರಿಂದ ನಮ್ಮ ಚರ್ಮದ ಹೊರಗಿನ ನಿರ್ಜೀವ ಪದರದಲ್ಲಿಯೂ ಕಣ್ಣಿನ ಹೊರಪದರದಲ್ಲಿಯೂ ಇದರ ಬಹುಪಾಲು ತಡೆದು ನಿಲ್ಲುತ್ತದೆ. ವೈರಾಣುವಾದರೋ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ಗಾತ್ರದ್ದು. ಅದಕ್ಕೆ ಅಂಥ ಕವಚವಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಬ್ರೆನ್ನರ್ ಅವರ ತಂಡವು ಗಾಳಿಯಲ್ಲಿ ತೇಲುವ ಇನ್‌ಫ್ಲುಯೆಂಜಾ ವೈರಾಣುವನ್ನು ಈ ಕಿರಣ ನಿಷ್ಕ್ರಿಯಗೊಳಿಸುವುದನ್ನು 2018ರಲ್ಲಿಯೂ, ಸಾಮಾನ್ಯ ನೆಗಡಿ ತರುವ ಎರಡು ಕೊರೊನಾ ವೈರಾಣುಗಳನ್ನು ನಿಷ್ಕ್ರಿಯಗೊಳಿಸುವುದನ್ನು 2020ರಲ್ಲಿಯೂ ತೋರಿಸಿತು. ಬ್ರಿಟನ್ನಿನಲ್ಲಿ ಕೋಣೆಯಷ್ಟೇ ದೊಡ್ಡ ಪ್ರಯೋಗಶಾಲೆಯೊಂದರಲ್ಲಿ ಐದೇ ನಿಮಿಷಗಳಲ್ಲಿ ಗಾಳಿಯ ಬ್ಯಾಕ್ಟೀರಿಯಾಗಳು ಶೇ. 98ರಷ್ಟು ಇಳಿದವೆಂದು 2022ರಲ್ಲಿ ವರದಿಯಾಯಿತು.

ಇಲ್ಲಿಯೂ ಬಸ್ಸಿನ ಪಾಠವನ್ನು ಮರೆಯಬಾರದು. ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಎಲ್ಲರೂ ಸೇರುವ ಸ್ಥಳಗಳಲ್ಲಿ ಈ ದೀಪಗಳನ್ನಿಟ್ಟು ಪರೀಕ್ಷಿಸಿದಾಗ ಉಸಿರಾಟದ ಸೋಂಕುಗಳು ಗಮನಾರ್ಹವಾಗಿ ಇಳಿಯಲಿಲ್ಲ. ವೃದ್ಧರು ತಮ್ಮ ಕೋಣೆಗಳಲ್ಲಿಯೂ ಉಸಿರಾಡುತ್ತಾರಲ್ಲವೇ! ಅಲ್ಲದೆ ಈ ದೀಪಗಳಿಂದ ಸ್ವಲ್ಪ ಓಝೋನ್ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ದೀಪಕ್ಕೆ ತಕ್ಕ ಸೋಸುಗಾಜು ಇಲ್ಲದಿದ್ದರೆ ಹಾನಿಕರವಾದ ಇತರ ತರಂಗಗಳೂ ಜೊತೆಗೆ ಬರುತ್ತವೆ. ಆದ್ದರಿಂದ "ಸುರಕ್ಷಿತ" ಎಂಬ ಗುಣ ಬರಿಯ ದೀಪದ್ದಲ್ಲ. ಅದರ ತರಂಗಾಂತರ, ಪ್ರಮಾಣ, ಜೋಡಣೆ, ಕಾಲಕಾಲದ ಅಳತೆ, ಇವೆಲ್ಲ ಸೇರಿದಾಗ ಬರುವ ಗುಣ.

ನನ್ನ ಅಭಿಪ್ರಾಯ ಇಷ್ಟು. ಮೊದಲು ಕಿಟಕಿ ತೆರೆಯಿರಿ. ಹವಾನಿಯಂತ್ರಣದ ಹೆಸರಿನಲ್ಲಿ ಗಾಜು ಬಿಗಿದು ಮುಚ್ಚಿದ ತರಗತಿಗಳನ್ನು ಕಟ್ಟಿ, ಆಮೇಲೆ ಗಾಳಿ ತೊಳೆಯಲು ದೀಪ ಹುಡುಕುವುದು ಬಾವಿಗೆ ಕಸ ಸುರಿದು ಸೋಸುವ ಬಟ್ಟೆ ಕೊಂಡಂತೆ. ಎರಡನೆಯದಾಗಿ, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ನಮ್ಮ ದೇಶದಲ್ಲಿದ್ದಾರೆ. ಎತ್ತರದಲ್ಲಿ ಕಟ್ಟುವ ಹಳೆಯ ಬಗೆಯ ದೀಪಗಳು ಕ್ಷಯದ ಹರಡುವಿಕೆಯನ್ನು ಬಹಳಷ್ಟು ತಗ್ಗಿಸುತ್ತವೆಂದು ಪೆರು, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ಗಿನಿಪಿಗ್‌ಗಳನ್ನಿಟ್ಟು ನಡೆಸಿದ ಪ್ರಯೋಗಗಳು ತೋರಿಸಿವೆ. ಅವು ಮೊದಲು ಬರಬೇಕಾದದ್ದು ಸರಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ, ಬಡವರು ಗಂಟೆಗಟ್ಟಲೆ ಸರದಿಯಲ್ಲಿ ಕಾಯುವ ಕಡೆಗೆ. ಗಾಳಿಯ ಕೊಳವೆಯೊಳಗೆ ಇಂಥ ಕಿರಣ ಹಾಯಿಸುವ ವ್ಯವಸ್ಥೆಯನ್ನು ನಮ್ಮದೇ ವಿಜ್ಞಾನಿಗಳು ರೂಪಿಸಿದ್ದು, ಅದನ್ನು ಸಂಸತ್ತಿನಲ್ಲಿ ಅಳವಡಿಸುವುದಾಗಿ 2021ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿತ್ತು. ಸಂಸತ್ತಿಗೆ ಸಲ್ಲುವುದು ಜಿಲ್ಲಾಸ್ಪತ್ರೆಗೂ ಸಲ್ಲಬೇಡವೇ?

ಶಾಲೆಗಳಲ್ಲಿ 222ರ ದೀಪ ಬರಲಿ. ಆದರೆ ಪ್ರಯೋಗವಾಗಿ, ಬಲ್ಲ ಇಂಜಿನಿಯರುಗಳ ಹೊಣೆಯಲ್ಲಿ, ಪೋಷಕರಿಗೆ ತಿಳಿಸಿ ಬರಲಿ. ಫಲ ಬಂದರೂ ಬರದಿದ್ದರೂ ಅದನ್ನು ಬಹಿರಂಗಪಡಿಸಲಿ. ಕೈಯಲ್ಲಿ ಹಿಡಿದು ಆಡಿಸುವ ಅಗ್ಗದ ದೀಪಗಳನ್ನು ಮಾತ್ರ ದಯವಿಟ್ಟು ಮನೆಗೆ ತರಬೇಡಿ. ನೇರಳಾತೀತ ದೀಪಗಳಿಂದ ಕೈಗಳನ್ನಾಗಲಿ ಚರ್ಮವನ್ನಾಗಲಿ ಶುದ್ಧಗೊಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿಯೇ ಎಚ್ಚರಿಸಿದೆ.

ಕೆಟ್ಟ ನೀರನ್ನು ಕುಡಿಯದೆ ಬಿಡಬಹುದು. ಕೆಟ್ಟ ಗಾಳಿಯನ್ನು ಉಸಿರಾಡದೆ ಬಿಡುವ ಆಯ್ಕೆ ಬೆಂಚಿನ ಮೇಲೆ ಕುಳಿತ ಮಗುವಿಗೆ ಇಲ್ಲ. ಅದಕ್ಕಾಗಿಯೇ ಆ ಹೊಣೆ ಕೊಠಡಿ ಕಟ್ಟುವ ನಮ್ಮದು.