ಲಾರಿಯ ಡೈನಮೋ ಮತ್ತು ಅದರ ಬೆಲ್ಟು

ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯಲ್ಲಿ ಮಳೆ ಕಡಿಮೆ. ಹೊಲವೊಂದನ್ನೇ ನಂಬಿ ಬಾಳುವುದು ಕಷ್ಟವಾದುದರಿಂದ, ಸಾಲ ಮಾಡಿ ಲಾರಿಯೊಂದನ್ನು ಕೊಂಡು, ಶೇಂಗಾ, ಎಣ್ಣೆ, ಹಿಂಡಿಗಳನ್ನು ಸಾಗಿಸಿ, ಅದರ ಬಾಡಿಗೆಯಿಂದ ಸಂಸಾರ ನಡೆಸುವ ಗೃಹಸ್ಥರು ಇಲ್ಲಿ ಉಂಟು. ಅಂಥ ಮನೆಗೆ ಲಾರಿಯು ಕರೆಯುವ ಹಸುವಿದ್ದಂತೆ. ಹಸುವಿನ ಮೇವುನೀರನ್ನು ತಾವೇ ವಿಚಾರಿಸುವವರು ಲಾರಿಯ ಯೋಗಕ್ಷೇಮವನ್ನು ಮಾತ್ರ ಪೂರ್ತಿಯಾಗಿ ಮೆಕ್ಯಾನಿಕ್ಕನಿಗೆ ಒಪ್ಪಿಸಿ ಸುಮ್ಮನಿರುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣವಿರಬೇಕೆಂದು ಸರ್ಕಾರವು ವಿಧಿಸಿದೆ. ಬಿಸಿಲಿನಲ್ಲಿ ದುಡಿಯುವವನಿಗೆ ಇದು ನ್ಯಾಯವಾಗಿ ಸಲ್ಲತಕ್ಕ ಸೌಕರ್ಯ. ಹಳೆಯ ಲಾರಿಗಳ ಯಜಮಾನರೂ ಫ್ಯಾನು, ದೀಪ ಮುಂತಾದುವನ್ನು ಸೇರಿಸುತ್ತಾರೆ. ವಿದ್ಯುತ್ತು ಸಾಲದೆ ದೀಪ ಮಂಕಾಗುತ್ತದೆ. ಆಗ ದೊಡ್ಡ ಡೈನಮೋ ಬರುತ್ತದೆ. ಡೈನಮೋ ಹೊಸದು, ಬೆಲ್ಟು ಮಾತ್ರ ಹಳೆಯದು! ಇಂದು ನಾವು ಹೇಳಹೊರಟಿರುವುದು ಈ ಅಚಾತುರ್ಯವನ್ನು ಕುರಿತು.

ರೂಢಿಯಲ್ಲಿ ಡೈನಮೋ ಎನ್ನುವ ಈ ಯಂತ್ರದ ಸರಿಯಾದ ಹೆಸರು ಆಲ್ಟರ್ನೇಟರ್. ಅಯಸ್ಕಾಂತ ಚಲಿಸಿದರೆ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಹೊಸ್ತಿಲ ಮೇಲಿನ ದೀಪವು ಒಳಗೂ ಹೊರಗೂ ಬೆಳಗುವಂತೆ, ದೇಹಲೀದೀಪನ್ಯಾಯದಿಂದ ಇದು ಬ್ಯಾಟರಿಯನ್ನೂ ತುಂಬುತ್ತದೆ, ದೀಪಗಳನ್ನೂ ಉರಿಸುತ್ತದೆ. 24 ವೋಲ್ಟಿನ ಲಾರಿಯಲ್ಲಿ ಇದು ಸುಮಾರು 28 ವೋಲ್ಟಿನಲ್ಲಿ ವಿದ್ಯುತ್ತನ್ನು ಕೊಡುತ್ತದೆ. 35 ಆಂಪಿಯರಿನದು ಪೂರ್ಣ ಹೊರೆಯಲ್ಲಿ 980 ವಾಟು ಕೊಟ್ಟರೆ, 80 ಆಂಪಿಯರಿನದು 2240 ವಾಟು, ಎಂದರೆ ಮೂರು ಅಶ್ವಬಲ. ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿದರೆ ಎಂಜಿನಿನಿಂದ ಸೆಳೆಯುವುದು ನಾಲ್ಕೈದು ಅಶ್ವಬಲ. ಅಷ್ಟೂ ಬಲವು ಹಾದುಬರಬೇಕಾದುದು ಒಂದು ರಬ್ಬರಿನ ಪಟ್ಟಿಯ ಮೂಲಕ.

ಮೊಳಕಾಲ್ಮೂರಿನ ರೇಷ್ಮೆ ನೇಯ್ಗೆಯ ಮನೆಗಳಲ್ಲಿ ಕಂಡಿಕೆ ಸುತ್ತುವ ರಾಟೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುರಿ ಸಡಿಲವಾದರೆ ಚಕ್ರ ತಿರುಗುತ್ತದೆ, ಕದಿರು ತಿರುಗುವುದಿಲ್ಲ. ಬೆಲ್ಟು ಜಾರಿದರೂ ಹಾಗೆಯೇ: ಕೀಚೆಂದು ಕೂಗುತ್ತದೆ, ಕಾಯುತ್ತದೆ, ಕಡೆಗೆ ಹರಿಯುತ್ತದೆ.

ವಿ ಆಕಾರದ ಬೆಲ್ಟು ಪುಲ್ಲಿಯ ತೋಡಿನಲ್ಲಿ ಬೆಣೆಯಂತೆ ಕೂರುತ್ತದೆ. ಹಿಡಿತವು ಅದರ ಪಕ್ಕಗಳದು, ಅಡಿಯದಲ್ಲ. ತೋಡಿನ ತಳಕ್ಕೆ ಇಳಿದ ಬೆಲ್ಟು ನಿರುಪಯುಕ್ತವೆಂದು ತಿಳಿಯತಕ್ಕದ್ದು. ಎ ವರ್ಗದ ಬೆಲ್ಟಿನ ಮೇಲ್ಭಾಗದ ಅಗಲ 13 ಮಿಲಿಮೀಟರು, ಬಿ ವರ್ಗದ್ದು 17. ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲದು. ಉದ್ದಕ್ಕೆ ಗೀರುಗಳುಳ್ಳ ಚಪ್ಪಟೆ ಬೆಲ್ಟಿನ ಮೇಲೆ 8 ಪಿಕೆ 1200 ಎಂದಿದ್ದರೆ, ಏಣುಗಳು ಎಂಟು, ಉದ್ದ 1200 ಮಿಲಿಮೀಟರು ಎಂದರ್ಥ. ಹೊರೆ ಹೆಚ್ಚಿದಲ್ಲಿ ಏಣು ಹೆಚ್ಚಿರುವ ಬೆಲ್ಟನ್ನು, ಅದಕ್ಕೆ ಹೊಂದುವ ಪುಲ್ಲಿಗಳೊಡನೆ ಹಾಕಿಸಬೇಕು. ಜೋಡಿ ಬೆಲ್ಟುಗಳಿದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಹಳೆಯದು ಹಿಗ್ಗಿರುವುದರಿಂದ ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ.

ಪುಲ್ಲಿಗಳು ಒಂದೇ ನೇರದಲ್ಲಿರುವುವೋ ಎಂದು ಪಟ್ಟಿಯಿಟ್ಟು ನೋಡಬೇಕು. ಬಿಗುವು ಅತಿಯಾಗಲೂ ಬಾರದು. ಆದರೆ ಡೈನಮೋದ ಬೇರಿಂಗು ಸವೆಯುತ್ತದೆ. ತಯಾರಕರ ಪುಸ್ತಕದಲ್ಲಿರುವ ಅಳತೆಯೇ ಪ್ರಮಾಣ. ಹೊಸ ಬೆಲ್ಟು ಸ್ವಲ್ಪ ಓಡಿದ ಮೇಲೆ ಬಿಗುವನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ಬ್ಯಾಟರಿಗೆ ಹೋಗುವ ತಂತಿಯೂ ಹೆಚ್ಚಿದ ವಿದ್ಯುತ್ತಿಗೆ ತಕ್ಕಷ್ಟು ದಪ್ಪವಿರಬೇಕು. ಇಲ್ಲದಿದ್ದರೆ ತಂತಿ ಕಾದು ಬೆಂಕಿಯ ಭಯ. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡುವುದು ಕ್ಷೇಮ.

ಇಷ್ಟು ಸೂಕ್ಷ್ಮವೇಕೆ ಎಂದು ಕೆಲವರು ಕೇಳಬಹುದು. ಅನೇಕ ಲಾರಿಗಳಲ್ಲಿ ಎಂಜಿನಿನ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಅದು ಹರಿದರೆ ವಿದ್ಯುತ್ತೂ ನಿಲ್ಲುತ್ತದೆ, ಎಂಜಿನೂ ಕಾಯುತ್ತದೆ. ತಳಕಿನ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ನಡುರಾತ್ರಿ ದೀಪವಿಲ್ಲದೆ ನಿಂತ ಲಾರಿಯು ಅದರ ಚಾಲಕನಿಗೂ, ಹಿಂದಿನಿಂದ ಬರುವ ಅಪರಿಚಿತನಿಗೂ ಮೃತ್ಯುಸ್ವರೂಪವೇ ಸರಿ. ಎಂಜಿನು ಕೆಟ್ಟರೆ ಸಾಲದ ಕಂತು ನಿಲ್ಲುವುದಿಲ್ಲ. ಬಾಡಿಗೆ ಮಾತ್ರ ನಿಲ್ಲುತ್ತದೆ.

ಆದುದರಿಂದ ಡೈನಮೋ ಬದಲಾಯಿಸಲು ಹಣ ತೆಗೆದಿಡುವಾಗಲೇ ಬೆಲ್ಟು, ಪುಲ್ಲಿ, ತಂತಿಗಳ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿರಿ. ಹಣ ಸಾಲದಿದ್ದರೆ ಹೊಸ ದೀಪಗಳನ್ನು ಒಂದು ತಿಂಗಳು ಮುಂದಕ್ಕೆ ಹಾಕಿರಿ, ಬೆಲ್ಟನ್ನು ಹಾಕಬೇಡಿರಿ.