ಇಪ್ಪತ್ತೆಂಟರಲ್ಲಿ ನಮ್ಮ ಪಾಲೆಷ್ಟು?



ಲೋಕಸಭೆಯಲ್ಲಿ ಕರ್ನಾಟಕಕ್ಕೆ ಎಷ್ಟು ಸ್ಥಾನ ಬೇಕೆಂದು ದೊಡ್ಡವರು ವಾದಿಸುತ್ತಾರೆ. ವಾದಿಸಲಿ, ನ್ಯಾಯವಾದ ಮಾತೇ. ಆದರೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಾವು ಆ ಲೆಕ್ಕದಲ್ಲಿ ಎಲ್ಲಿದ್ದೇವೆ?

1952ರಲ್ಲಿ ಮೈಸೂರು ರಾಜ್ಯಕ್ಕಿದ್ದದ್ದು 11 ಸ್ಥಾನ. 1956ರಲ್ಲಿ ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಜಿಲ್ಲೆಗಳೂ ಕೊಡಗೂ ಕೂಡಿದವು. 1957ರಲ್ಲಿ 26 ಆಯಿತು. 1967ರಲ್ಲಿ 27, 1977ರಲ್ಲಿ 28. ಅಷ್ಟರಲ್ಲಿ 1976ರ 42ನೇ ತಿದ್ದುಪಡಿ ಲೆಕ್ಕವನ್ನು 1971ರ ಜನಗಣತಿಗೆ ಕಟ್ಟಿಹಾಕಿತ್ತು. 2001ರ 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಗಣತಿಯವರೆಗೆ ಬಿಗಿಯಿತು. 1971ರಲ್ಲಿ ರಾಜ್ಯದ ಜನ 2.93 ಕೋಟಿ, 2011ರಲ್ಲಿ 6.11 ಕೋಟಿ. ಹತ್ತು ಲಕ್ಷಕ್ಕೊಬ್ಬನಿದ್ದ ಸದಸ್ಯ ಇಪ್ಪತ್ತೆರಡು ಲಕ್ಷಕ್ಕೊಬ್ಬನಾದ.

ಇನ್ನು ನಮ್ಮ ಪಾಡು ನೋಡಿ. ಗಣತಿಯವರು ನಮ್ಮ ತಲೆ ಎಣಿಸುವುದು ಇಲ್ಲಿ. ಹಲವರ ಹೆಸರು ಇರುವುದು ಊರಿನ ಮತದಾರರ ಪಟ್ಟಿಯಲ್ಲಿ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನಿದೆ. ಆದರೆ ಒಂದು ದಿನದ ರಜೆಯಲ್ಲಿ ಕುಂದಾಪುರಕ್ಕೆ ಹೋಗಿ ಓಟು ಹಾಕಿ ಮರುದಿನ ಬೆಳಿಗ್ಗೆ ಒಲೆ ಹಚ್ಚುವುದು ಹೇಗೆ? ಸೈನಿಕನಿಗೆ ಅಂಚೆ ಮತವಿದೆ. ವಲಸಿಗರು ಇದ್ದಲ್ಲಿಂದಲೇ ಓಟು ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. 2024ರ ಚುನಾವಣೆಯಲ್ಲಿ ಅದು ನಮ್ಮ ಕೈಗೆ ಬರಲಿಲ್ಲ.

ಆದ್ದರಿಂದ ದುಡಿಯುವ ಊರಿನಲ್ಲೇ ಹೆಸರು ಬರೆಸಿ. "ಊರಿನ ನಂಟು ಕಡಿಯುತ್ತದೆ" ಎಂದು ಕೆಲವರು ಹೆದರಿಸುತ್ತಾರೆ. ಮನೆ, ಗದ್ದೆ, ದೈವ, ಭಾಷೆ ಯಾವುದೂ ಮತಪಟ್ಟಿಯಿಂದ ಬಂದದ್ದಲ್ಲ, ಅದರಿಂದ ಹೋಗುವುದೂ ಇಲ್ಲ. "ವಿಳಾಸವೇ ಇಲ್ಲವಲ್ಲ" ಎನ್ನುತ್ತೀರಾ? ಸೂರಿಲ್ಲದವನ ಹೆಸರನ್ನೂ, ಅವನು ರಾತ್ರಿ ಮಲಗುವ ಜಾಗವನ್ನು ಅಧಿಕಾರಿ ಬಂದು ನೋಡಿ, ಸೇರಿಸಿಕೊಳ್ಳಬಹುದೆಂದು ಆಯೋಗದ ನಿಯಮವಿದೆ. ಹೋಟೆಲಿನ ಅಟ್ಟದಲ್ಲಿ ಮಲಗುವ ಮಾಣಿ ಅವನಿಗಿಂತ ಕಡೆಯೇ? ಧಣಿ ಚೀಟಿ ಕೊಡಲಿಲ್ಲವೆಂದು ಸುಮ್ಮನೆ ಕೂರಬೇಡಿ. ಎರಡು ಕಡೆ ಹೆಸರಿಡುವುದು ಮಾತ್ರ ಕಾನೂನಿಗೆ ವಿರುದ್ಧ, ಊರಿನದನ್ನು ತೆಗೆಸಿ.

1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಈ ನಗರದ ಕಾರ್ಮಿಕರನ್ನು ಕಟ್ಟಿ ಬೆಳೆದವರು. ಇಲ್ಲಿಯ ಪಟ್ಟಿಯಲ್ಲಿ ಹೆಸರಿದ್ದವರು ಹಾಕಿದ ಓಟು ಅದು.

28 ನಾಳೆ ಎಷ್ಟೇ ಆಗಲಿ, ಪಟ್ಟಿಯಲ್ಲಿ ಹೆಸರಿಲ್ಲದವನ ಬಾಗಿಲಿಗೆ ಯಾವ ಸದಸ್ಯನೂ ಬರುವುದಿಲ್ಲ. ಈ ವಾರದ ರಜೆಯ ದಿನ ನಾಲ್ಕು ಮಂದಿ ಕೂಡಿ ಹೋಗಿ, ಅರ್ಜಿ ತುಂಬಿ.